‘ಕಣರ್ಪವರ್’ ಓದಿ ನಕ್ಕ ಮ್ಯಾನೇಜರರಿಗೆ ಬಹಿರಂಗ ಪತ್ರ

ಘಟ್ಟದ ಮೇಲಿನ ದೊಡ್ಡ ಆಫ್‌ಸೆಟ್ ಪ್ರೆಸ್ಸಿನ ಮಾನ್ಯ ಮ್ಯಾನೇಜರ್ ಸಾಹೇಬರಿಗೆ,



ನಿಮ್ಮ ಹೆಸರನ್ನಾಗಲಿ, ಪ್ರೆಸ್ಸಿನ ಹೆಸರನ್ನಾಗಲಿ ಇಲ್ಲಿ ಹಾಕಿಲ್ಲ. ಹಾಕಿದರೆ ನಮ್ಮ ಕಡೆಯವರು ನಿಮಗೆ ಕೆಲಸ ಕೊಡುವುದನ್ನು ನಿಲ್ಲಿಸಿಯಾರು, ಆ ಪಾಪ ನನಗೆ ಬೇಡ. ಪತ್ರ ಯಾರಿಗೆಂದು ನಿಮಗೆ ತಿಳಿಯುತ್ತದೆ. ಬೆಳಿಗ್ಗೆ ಬಂದವನನ್ನು ಸಂಜೆಯವರೆಗೆ ನೀರಿನ ಕ್ಯಾನಿನ ಪಕ್ಕದ ಬೆಂಚಿನಲ್ಲಿ ಕೂರಿಸಿ, ಆಮೇಲೆ ಪೆನ್‌ಡ್ರೈವನ್ನು ಎರಡೇ ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಿರಲ್ಲ, ಆ ಕುಮಟಾದ ಡಿಟಿಪಿಯವನು ನಾನು.

ಕೊಡುವಾಗ ಒಂದು ಮಾತು ಹೇಳಿದಿರಿ. “ಪೇಜ್‌ಮೇಕರ್ ಏನ್ರೀ? ಅದು ಸತ್ತು ಎಷ್ಟ್ ವರ್ಷ ಆತು! ನಿಮ್ಮ ಊರಾಗ ಇನ್ನೂ ಸುದ್ದಿ ಬಂದಿಲ್ಲೇನು?”

ಬಂದಿದೆ ಸಾಹೇಬರೇ. ಕೊಂಕಣ ರೈಲು ನಮ್ಮೂರಲ್ಲೂ ನಿಲ್ಲುತ್ತದೆ, ಸುದ್ದಿಗಳು ಇಳಿಯುತ್ತವೆ. 1985ರಲ್ಲಿ ಅಮೆರಿಕದ ಆಲ್ಡಸ್ ಎಂಬ ಕಂಪನಿ ಪೇಜ್‌ಮೇಕರ್ ಹೊರತಂದಿತು, 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು, 1999ರಲ್ಲಿ ಇನ್‌ಡಿಸೈನ್ ಎಂಬ ಕಿರಿಯವನನ್ನು ಮನೆಗೆ ತಂದಿತು, 2001ರಲ್ಲಿ ಹಿರಿಯನಿಗೆ 7.0 ಎಂಬ ಕೊನೆಯ ಅಂಗಿ ಹೊಲಿಸಿತು, 2004ರಲ್ಲಿ ‘ಇನ್ನು ಇದನ್ನು ಬೆಳೆಸುವುದಿಲ್ಲ’ ಎಂದು ಹೇಳಿ ಮುಗಿಸಿತು. ಇಷ್ಟೂ ನಮಗೆ ಗೊತ್ತು. ಗೊತ್ತಿದ್ದೂ ನಾವು ಅದರಲ್ಲೇ ಕೆಲಸ ಮಾಡಿದೆವು. ಸತ್ತದ್ದರ ಕೈಯಲ್ಲಿ ಇಷ್ಟು ವರ್ಷ ದುಡಿಸಿಕೊಳ್ಳುವುದು ಸಣ್ಣ ವಿದ್ಯೆಯಲ್ಲ.

ನಮ್ಮಲ್ಲಿಗೆ ಬಂದ ಸಿ.ಡಿ.ಯ ಮೇಲೆ ಮಾರ್ಕರ್ ಪೆನ್ನಿನಿಂದ ‘ಪಿ.ಎಂ. ಸೆವೆನ್’ ಎಂದಷ್ಟೇ ಬರೆದಿತ್ತು. ಅದನ್ನು ಯಾರು ಕೊಟ್ಟರು, ಎಷ್ಟಕ್ಕೆ ಕೊಟ್ಟರು ಎಂಬ ಪ್ರಶ್ನೆ ಈ ಪತ್ರದ ವ್ಯಾಪ್ತಿಗೆ ಬರುವುದಿಲ್ಲ. ದೆಹಲಿಯಲ್ಲಿ ಪಿ.ಎಂ.ಗಳು ಬದಲಾದರು. ನಮ್ಮ ಅಂಗಡಿಯ ಪಿ.ಎಂ. ಕದಲಲಿಲ್ಲ.

ಕದಲಬೇಕಾದರೂ ಯಾಕೆ? ಲಗ್ನಪತ್ರಿಕೆ ಅದರಲ್ಲೇ, ವೈಕುಂಠ ಸಮಾರಾಧನೆಯ ಕಾರ್ಡೂ ಅದರಲ್ಲೇ. ಸೊಸೈಟಿಯ ವಾರ್ಷಿಕ ವರದಿ, ಅಡಿಕೆ ವಖಾರಿಯ ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಮೂರೂ ಪಕ್ಷಗಳ ಹ್ಯಾಂಡ್‌ಬಿಲ್ಲು, ಎಲ್ಲ ಒಂದೇ ಕಿಟಕಿಯೊಳಗೆ. ಯಕ್ಷಗಾನದ ಹ್ಯಾಂಡ್‌ಬಿಲ್ಲಂತೂ ಕೇಳಬೇಡಿ. ಭಾಗವತರ ಹೆಸರು ಎಷ್ಟು ಪಾಯಿಂಟು, ಎರಡನೇ ವೇಷದವರದು ಎಷ್ಟು, ಯಾರ ಫೋಟೊ ಯಾರದಕ್ಕಿಂತ ಒಂದು ನೂಲು ಮೇಲೆ, ಎಂಬ ರಾಜತಾಂತ್ರಿಕ ವ್ಯವಹಾರವನ್ನೆಲ್ಲ ಪೇಜ್‌ಮೇಕರ್ ಒಂದು ಮೌಸಿನಲ್ಲಿ ನಡೆಸಿಕೊಟ್ಟಿದೆ. ಹೊನ್ನಾವರ, ಕುಮಟಾ ಕಡೆ ಇದು ತಪ್ಪಿದರೆ ಆಟಕ್ಕಿಂತ ಮೊದಲೇ ಯುದ್ಧ.

ನಿಂತುಹೋದ ತಂತ್ರಾಂಶವನ್ನು ನಮ್ಮವರು ಹೇಗೆ ತಾಳಿಕೊಂಡರು ಎಂಬ ಕುತೂಹಲ ನಿಮಗಿಲ್ಲ, ಆದರೂ ಹೇಳುತ್ತೇನೆ. ಬೆಂಚಿನ ಮೇಲೆ ಕೂತಾಗ ನೀವು ಕೇಳಲಿಲ್ಲ, ಈಗ ಓದಿ. ಹೊನ್ನಾವರದ ಸ್ನೇಹಿತನೊಬ್ಬ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರುಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದು ಬಿಡಿಭಾಗಕ್ಕೆಂದು ಅಟ್ಟದ ಮೇಲೆ ಪೇರಿಸಿಟ್ಟಿದ್ದಾನೆ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈಬಿಟ್ಟಿತು. ಇವನು ಬಿಡಲಿಲ್ಲ, ಇಂಟರ್‌ನೆಟ್ಟಿನ ವಯರು ಕಿತ್ತುಹಾಕಿ ‘ವೈರಸ್ ಬರಲಿ ನೋಡುವ’ ಎಂದು ಕೂತ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಆ ಸಿಪಿಯುವಿಗೆ. ಇನ್ನೊಬ್ಬರು, ನನಗೂ ಹಿರಿಯರು, ಅಡೋಬಿಯವರಿಗೆ ಬುದ್ಧಿ ಬಂದು 8.0 ಹೊರಡಿಸಿಯೇ ಹೊರಡಿಸುತ್ತಾರೆ ಎಂದು ಕಾಯುತ್ತಿದ್ದಾರೆ. ಭಟ್ಕಳದ ಗೆಳೆಯನಿಗೆ ನಮ್ಮನ್ನು ನೋಡಿದರೆ ನಗು. ಅವನ ಉರ್ದು ಲಗ್ನಪತ್ರಿಕೆಗಳೆಲ್ಲ ಇನ್‌ಪೇಜ್‌ನಲ್ಲಿ, 1994ರಲ್ಲಿ ಬಂದ ಆ ಸಾಫ್ಟ್‌ವೇರು ಇನ್ನೂ ಜೀವಂತ. ನನ್ನ ಅಕ್ಕನ ಮಗಳು ಮಾತ್ರ ಯಾವ ದುಃಖವನ್ನೂ ಆಚರಿಸಲಿಲ್ಲ. ಮೊಬೈಲಿನಲ್ಲೇ ಕ್ಯಾನ್ವಾ ತೆಗೆದು, ನಾನು ಚಹಾ ಕುಡಿದು ಮುಗಿಸುವುದರೊಳಗೆ ಒಂದು ಉಪನಯನ ಮುಗಿಸಿದಳು. ಕಾರ್ಡಿನ ತುಂಬ ಎಲ್ಲೂ ಬೆಳೆಯದ ಗುಲಾಬಿ ಹೂವು. ಗಿರಾಕಿಗೆ ಬಹಳ ಖುಷಿ.

ಹೀಗೆ ಅಳುತ್ತ ನಗುತ್ತ ನಡೆದಿತ್ತು. ಪಿಕಾಸಾ 2016ರಲ್ಲಿ ಹೋಯಿತು, ಅತ್ತೆವು, ಮರೆತೆವು. ಮೈಕ್ರೋಸಾಫ್ಟ್ ಪಬ್ಲಿಷರಿಗೆ 2026ರ ಅಕ್ಟೋಬರಿಗೆ ಮುಹೂರ್ತ ಇಟ್ಟಿದ್ದಾರೆ. ಆಮೇಲೆ ಚಂದಾ ಕಟ್ಟುವವರಿಗೂ ಅದರಲ್ಲಿ ತಮ್ಮದೇ ಫೈಲು ತೆರೆಯದಂತೆ. ಅದನ್ನು ನಂಬಿದವರ ಪಾಡು ಅವರಿಗೆ. ನನ್ನ ಸಿಟ್ಟು ಇದ್ಯಾವುದರ ಮೇಲೂ ಅಲ್ಲ. ನನ್ನ ಸಿಟ್ಟು ಅರ್ಕಾವೊತ್ತಿನದು.

ಆ ದಿನದ ಸಂಗತಿಗೆ ಬರುತ್ತೇನೆ. ನಮ್ಮೂರ ಯಕ್ಷಗಾನ ಸಂಘದ ಸ್ಮರಣಸಂಚಿಕೆ. ಮಳೆಗಾಲ ಪೂರ್ತಿ ಕೂತು ಕಂಪೋಸ್ ಮಾಡಿದ್ದು. ಪಿಡಿಎಫ್ ಮಾಡಿಕೊಂಡೇ ದೇವಿಮನೆ ಘಟ್ಟ ಹತ್ತಿದ್ದೆ. ಶಿರಸಿ ದಾಟುವಷ್ಟರಲ್ಲಿ ಕಾರ್ಯದರ್ಶಿಗಳ ಫೋನು: ಕರ್ಣಪರ್ವದ ಪಾತ್ರವರ್ಗಕ್ಕೆ ಒಂದು ಹೆಸರು ಸೇರಿಸಬೇಕು. ಒಂದೇ ಹೆಸರು ಸಾಹೇಬರೇ. ನೀವು ‘ಓಪನ್ ಫೈಲ್ ಕೊಡ್ರಿ’ ಎಂದಿರಿ, ಕೊಟ್ಟೆ. ನಿಮ್ಮ ಹೊಸ ಇನ್‌ಡಿಸೈನ್ ಅದನ್ನು ಮೂಸಿಯೂ ನೋಡಲಿಲ್ಲ. ಇದು ನಿಮ್ಮ ತಪ್ಪಲ್ಲ ಎಂದು ಬೇಕಾದರೆ ಬರೆದುಕೊಡುತ್ತೇನೆ. ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರಿನ ಫೈಲನ್ನು ತೆರೆಯುತ್ತಿತ್ತು, ಬಾಡಿಗೆಯ ಸಿಸಿ ಬಂದ ಮೇಲೆ ಆ ಬಾಗಿಲನ್ನು ಮುಚ್ಚಿದರು. ಆಗ ನಿಮ್ಮ ಹುಡುಗ ನಾನು ಬೇರೆಯಾಗಿ ತಂದಿದ್ದ ಟೆಕ್ಸ್ಟನ್ನು ಎಲ್ಲಿಂದಲೋ ಹುಡುಕಿದ ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿದ. ನೀವು ಪರದೆಗೆ ಬಗ್ಗಿ, ಇಡೀ ಆಫೀಸಿಗೆ ಕೇಳುವಂತೆ ಓದಿದಿರಿ:

“ಕಣರ್ಪವರ್.”

ಓದಿ ನಕ್ಕಿರಿ. ಹುಡುಗನೂ ನಕ್ಕ. ಬೈಂಡಿಂಗ್ ಮಾಡುತ್ತಿದ್ದ ಅಮ್ಮನೂ ನಕ್ಕಳು. ಮುಂದೆ ‘ಅಜುರ್ನ’ ಬಂದ, ‘ಸೂಯರ್’ ಬಂದ, ‘ಧಮರ್ರಾಯ’ ಬಂದ. ಸಂಘದ ಇ-ಮೇಲ್ ವಿಳಾಸ ಯಾವ ನಾಲಿಗೆಯೂ ಹೊರಳದ ಕನ್ನಡವಾಯಿತು, ಯಾಕೆಂದರೆ ಆ ಕನ್ವರ್ಟರಿಗೆ ಯಾವುದು ಇಂಗ್ಲಿಷ್, ಯಾವುದು ಇಂಗ್ಲಿಷಿನ ವೇಷ ಹಾಕಿದ ಕನ್ನಡ ಎಂಬ ಭೇದವೇ ಇಲ್ಲ. “ಏನ್ ಕನ್ನಡ ಬರದೀರೋ ಮಾರಾಯಾ” ಎಂದಿರಿ.

ನಾನು ಬರೆದದ್ದು ಕರ್ಣಪರ್ವ. ಗೋಕರ್ಣ ಇರುವ ತಾಲೂಕಿನವನಿಗೆ ಅರ್ಕಾವೊತ್ತು ಹೇಳಿಕೊಡುತ್ತೀರಾ?

ಒಂದು ಕ್ಷಣ ಪ್ಲೇಟಿನ ಲೆಕ್ಕ ಬದಿಗಿಟ್ಟು ಕೇಳಿ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅರ್ಕಾವೊತ್ತು ಬೇರೆಯೇ ಒಂದು ಮೊಳೆ. ಮೊದಲು ‘ಣ’ ಇಡು, ಆಮೇಲೆ ಅದರ ಪಕ್ಕ ಆ ಸೊನ್ನೆಬಾಲ ಇಡು. ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ. ನುಡಿ, ಬರಹ, ಶ್ರೀಲಿಪಿ, ಪ್ರಕಾಶಕ ಕಾಲದ ಹಳೆಯ ಫಾಂಟುಗಳೂ ಅದನ್ನೇ ಮಾಡಿದವು. ಕಂಪ್ಯೂಟರಿನ ಒಳಗೆ ಇರುವುದು ಕೊಂಬು ಮೀಸೆ ಬಂದ ಇಂಗ್ಲಿಷ್ ಅಕ್ಷರಗಳು, ಮೇಲೆ ಕನ್ನಡದ ಮುಖ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ಬರಹ, ಗಣಕ ಪರಿಷತ್ತಿನ ನುಡಿ, ಇವೆಲ್ಲ ಇದ್ದ ಬಾಗಿಲಿನಿಂದಲೇ ಕನ್ನಡವನ್ನು ಒಳಗೆ ತೂರಿಸಿದವು. ಬೇರೆ ದಾರಿಯಿರಲಿಲ್ಲ, ಯಾಕೆಂದರೆ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇರಲಿಲ್ಲ. ಅದೇ 2001ರ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟು ಕೂತಿತ್ತು. ಅದೇ ಯಂತ್ರದೊಳಗಿದ್ದ ಪೇಜ್‌ಮೇಕರಿಗೆ ಅದರ ಕನ್ನಡ ಕೊನೆಯವರೆಗೂ ದಕ್ಕಲಿಲ್ಲ.

ಯೂನಿಕೋಡಿನಲ್ಲಿ ಕ್ರಮ ಬೇರೆ. ಬಾಯಲ್ಲಿ ಹೇಗೆ ಬರುತ್ತದೋ ಹಾಗೆ. ಮೊದಲು ‘ರ್’, ಆಮೇಲೆ ‘ಣ’. ಆದ್ದರಿಂದ ಬದಲಾಯಿಸುವವನು ಆ ‘ರ್’ ಅನ್ನು ಹಿಡಿದು ಒಂದು ಅಕ್ಷರ ಹಿಂದಕ್ಕೆ ಕೂರಿಸಬೇಕು. ಅಷ್ಟನ್ನು ಬಲ್ಲ ಕನ್ವರ್ಟರುಗಳೂ ಇವೆ. ನಿಮ್ಮ ಹುಡುಗನಿಗೆ ಸಿಕ್ಕಿದ್ದು ಅದಲ್ಲ. ಇದು ನಿಮ್ಮೊಬ್ಬರ ಕಥೆಯೂ ಅಲ್ಲ. ‘ಕನಾರ್ಟಕ’ ಎಂಬ ರಾಜ್ಯ ಎಷ್ಟು ಬೋರ್ಡುಗಳಲ್ಲಿ, ಎಷ್ಟು ಸುತ್ತೋಲೆಗಳಲ್ಲಿ ಇದೆ ಎಂದು ನೋಡಿದ್ದೀರಲ್ಲ? ಇನ್ನು ಕೆಲವರು ಉಪಾಯಗಾರರು, ಅರ್ಕಾವೊತ್ತು ಸಿಗದಾಗ ಕನ್ನಡದ ಒಂಬತ್ತನ್ನು ತಂದು ಅಂಟಿಸುತ್ತಾರೆ, ‘ಕನಾ೯ಟಕ’. ಹಾಗೆ ಗಣಿತ ಬೆರೆತ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರು ಪೂರ್ಣಿಮಾ ಆಗಿದ್ದರೆ ಮುಗಿಯಿತು, ಕಾರ್ಡಿನ ನಟ್ಟನಡುವೆ ಒಂದು ಒಂಬತ್ತು.

ಈಗ ಹೇಳಿ, ಒಂದು ಸಾಫ್ಟ್‌ವೇರು ನಿಂತರೆ ಯಾರಿಗೆ ಏನು ಹೋಗುತ್ತದೆ? ಅಮೆರಿಕದ ಗುಮಾಸ್ತನಿಗೆ ಪೇಜ್‌ಮೇಕರ್ ಹೋದರೆ ಪುಟದ ವಿನ್ಯಾಸ ಕೆಡಬಹುದು. ಅವನ ಮ್ಯಾಟರು ಹೋಗುವುದಿಲ್ಲ. ಅಲ್ಲಿ ಎ ಎಂದರೆ ಎ, ನಾಳೆಯೂ ಎ. ನನ್ನದು ಹಾಗಲ್ಲ. ನನ್ನ ‘ಕರ್ಣ’ ಒಳಗಡೆ ಎಂದೂ ಕರ್ಣನಾಗಿರಲೇ ಇಲ್ಲ, ವೇಷ ಕಟ್ಟಿದ್ದ. ಫಾಂಟು, ಪೇಜ್‌ಮೇಕರ್, ಎಕ್ಸ್‌ಪಿ ಮೂರೂ ಒಟ್ಟಿಗಿದ್ದರೆ ಮಾತ್ರ ಕರ್ಣ. ಒಂದು ಹೋಯಿತೋ, ಕಣರ್. ಮೂವರನ್ನೂ ಕೈಬಿಟ್ಟವರು ಒಬ್ಬೊಬ್ಬರೂ ‘ಹೊಸದಕ್ಕೆ ಬನ್ನಿ’ ಎಂದು ಕರೆದರು. ಬರುತ್ತೇವೆ ಮಾರಾಯ್ರೆ, ಯಾರು ಬೇಡ ಅಂದರು? ನಮ್ಮ ಅಲ್ಮೇರಾದ ಸಿ.ಡಿ.ಗಳಲ್ಲಿ ಈ ತಾಲೂಕಿನ ಮದುವೆಗಳಿವೆ, ಸಾವುಗಳಿವೆ, ಸೊಸೈಟಿಯ ಲಾಭ ನಷ್ಟಗಳಿವೆ, ಈಗ ವೇಷ ಬಿಚ್ಚಿಟ್ಟ ಎಷ್ಟೋ ಕಲಾವಿದರ ಹೆಸರುಗಳಿವೆ. ಆ ಸಂಚಿಕೆಗೆಂದು ನಾನು ಅಲ್ಲಿಂದಲೇ ಹೆಕ್ಕಿದ್ದು. ಅವನ್ನು ಎತ್ತಿಕೊಂಡು ಬರಲು ದಾರಿ ಕೇಳಿದರೆ ಒಬ್ಬನೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ‘ಹೊಸದಾಗಿ ಟೈಪ್ ಮಾಡಿ’ ಎನ್ನುತ್ತಾರೆ. ಯಾರು ಮಾಡಬೇಕು? ಈ ಬೆರಳು ಒಮ್ಮೆ ಮಾಡಿದ ಕೆಲಸ ಅದು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಿಮ್ಮನ್ನು ಏನೇನೋ ಬೈದುಕೊಂಡೆ, ಅದನ್ನು ಇಲ್ಲಿ ಕಂಪೋಸ್ ಮಾಡುವುದಿಲ್ಲ. ಒಂದು ಹೆಸರು ಸೇರಿಸಲು ಮತ್ತೆ ಘಟ್ಟ ಇಳಿದು, ಅಂಗಡಿ ತೆರೆದು, ಹಳೇ ಯಂತ್ರ ಹಚ್ಚಿ, ಅದು ಎದ್ದೇಳುವವರೆಗೆ ಕಾದು, ಸೇರಿಸಿ, ಇನ್ನೊಂದು ಪಿಡಿಎಫ್ ಮಾಡಿದೆ. ಸೇರಿಸುವುದಕ್ಕೆ ಹಿಡಿದದ್ದು ಅರ್ಧ ನಿಮಿಷ. ಸತ್ತ ಸಾಫ್ಟ್‌ವೇರು ಅರ್ಧ ನಿಮಿಷದಲ್ಲಿ ಮಾಡುವ ಕೆಲಸ ನಿಮ್ಮ ಜೀವಂತ ಸಾಫ್ಟ್‌ವೇರಿಗೆ ಒಂದು ಹಗಲಲ್ಲಿ ಆಗಲಿಲ್ಲವಲ್ಲ, ಬಾಡಿಗೆ ಯಾವುದಕ್ಕೆ ಕಟ್ಟುತ್ತೀರಿ?

ಸಂಚಿಕೆಯನ್ನು ಬೇರೆ ಕಡೆ ಕೊಟ್ಟಿದ್ದೇನೆ. ಅಲ್ಲಿ ಓಪನ್ ಫೈಲ್ ಕೇಳಲಿಲ್ಲ, ನಗಲೂ ಇಲ್ಲ, ರೇಟು ಮಾತ್ರ ನಿಮ್ಮದಕ್ಕಿಂತ ಹೆಚ್ಚು. ಆ ವ್ಯತ್ಯಾಸದ ಹಣವನ್ನು ನಿಮ್ಮಲ್ಲಿ ಕೇಳುವುದಿಲ್ಲ.

ಕೇಳುವುದು ಇಷ್ಟೇ. ಆ ದಿನ ಕನ್ವರ್ಟ್ ಮಾಡಿದ್ದಕ್ಕೆಂದು ನನ್ನಿಂದ ಹಣ ಪಡೆದು ರಸೀದಿ ಕೊಟ್ಟಿದ್ದೀರಿ. ಬಸ್ಸಿನಲ್ಲಿ ಕೂತು ಅದನ್ನು ಬಿಡಿಸಿ ನೋಡಿದೆ. ನಿಮ್ಮದೇ ಪ್ರೆಸ್ಸಿನಲ್ಲಿ, ನಿಮ್ಮದೇ ಹೊಸ ಸಾಫ್ಟ್‌ವೇರಿನಲ್ಲಿ ಚಂದವಾಗಿ ಅಚ್ಚಾದ ರಸೀದಿ. ಬಾಬತ್ತು ಎಂಬಲ್ಲಿ ‘ಪರಿವತರ್ನೆ ಶುಲ್ಕ’ ಎಂದಿದೆ. ಅಂಥ ಶುಲ್ಕವನ್ನು ನಾನು ಕೊಡಬೇಕಾಗಿಲ್ಲವೆಂದು ನನ್ನ ತಿಳಿವಳಿಕೆ. ಹಣ ವಾಪಸ್ ಕಳಿಸಿ. ಮನಿಯಾರ್ಡರ್ ಫಾರ್ಮಿನಲ್ಲಿ ಊರಿನ ಹೆಸರು ಕುಮಟಾ ಎಂದು ಬರೆದರೆ ಸಾಕು, ಅದರಲ್ಲಿ ಅರ್ಕಾವೊತ್ತು ಇಲ್ಲ.

ಇತಿ,
ಪಿ.ಎಂ. ಸೆವೆನ್‌ನ ವಾರಸುದಾರ,
ಕುಮಟಾ