‘ಧೂಳು ತಾನ ಕುಂದರ್ತದ’ ಎಂದ ಸಾಹೇಬರಿಗೊಂದು ಬಹಿರಂಗ ಪತ್ರ



ಈಗಷ್ಟೇ ನಿಮ್ಮ ಕಚೇರಿಯಿಂದ ಬಂದು, ಕಾಲು ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ. ಸಿಟ್ಟು ಆರುವ ಮೊದಲೇ ಬರೆಯಬೇಕು. ಆರಿದರೆ ನಾನೂ ನಿಮ್ಮಷ್ಟೇ ಸಮಾಧಾನಿ ಆಗಿಬಿಡುತ್ತೇನೆ. ಬೆಳಿಗ್ಗೆ ಬಂದವನಿಗೆ ‘ಸಾಹೇಬರು ಮೀಟಿಂಗ್‌ನ್ಯಾಗ ಅದಾರ’ ಎಂದರು. ಮಧ್ಯಾಹ್ನ ‘ಊಟಕ್ಕ ಹೋಗ್ಯಾರ’ ಎಂದರು. ಬಿಸಿಲು ಇಳಿಯುವ ಹೊತ್ತಿಗೆ ದರ್ಶನವಾಯಿತು. ಅರ್ಜಿಯ ವಿಷಯವನ್ನಷ್ಟೇ ಓದಿ ಅಪ್ಪಣೆ ಕೊಡಿಸಿದಿರಿ: ‘ಯಜಮಾನ್ರ, ಧೂಳು ಅಂದಮ್ಯಾಲ ಹಾರ್ತದ, ಆಮ್ಯಾಲ ತಾನ ಕುಂದರ್ತದ. ರಾಯಚೂರಾಗ ಧೂಳಿಗೂ ಅರ್ಜಿ ಕೊಡ್ತಾರೇನ್ರೀ?’

ಗುಮಾಸ್ತರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅರ್ಜಿಗೆ ಸ್ವೀಕೃತಿ ಮೊಹರು ಬೀಳುವುದಿಲ್ಲವೆಂದು ಗೊತ್ತಿತ್ತು. ನಕ್ಕ ಮೇಲೂ ಬೀಳಲಿಲ್ಲ.

ನಿಮ್ಮ ಮಾತು ಅರ್ಧ ಖರೆ. ಗಂಜಿನ ಹತ್ತಿಯ ಪುಡಿ, ರೈಸ್‌ಮಿಲ್ಲಿನ ಹೊಟ್ಟು, ಶಕ್ತಿನಗರದ ಕಲ್ಲಿದ್ದಲ ಬೂದಿ, ಇವುಗಳ ನಡುವೆಯೇ ಹುಟ್ಟಿ ಬೆಳೆದವರು ನಾವು. ರಾಯಚೂರಿನವನು ಧೂಳಿಗೆ ಮೂಗು ಮುರಿದರೆ ಊರು ಬಿಡಬೇಕಾಗುತ್ತದೆ. ಆದರೆ ನಾನು ಅರ್ಜಿ ಕೊಟ್ಟಿದ್ದು ಆ ಧೂಳಿನ ಮೇಲಲ್ಲ ಸಾಹೇಬರ, ಹಳದಿ ಧೂಳಿನ ಮೇಲೆ.

ನಮ್ಮ ಗಲ್ಲಿಯ ಬಾಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ ಇದೆ. ಶಾಲೆ ಸುರುವಾಗುವ ಮುಂಚೆ ಅಲ್ಲಿ ಸುಗ್ಗಿ. ಮಾನ್ವಿಯಿಂದ, ದೇವದುರ್ಗದಿಂದ ಶಾಲೆ ವ್ಯಾನುಗಳು ಸಾಲು ಹಚ್ಚುತ್ತವೆ. ಹೊಸ ಬಣ್ಣ ಹಿಡಿಯಬೇಕಾದರೆ ಹಳೆಯದನ್ನು ಕೆರೆಯಬೇಕು. ಗ್ರೈಂಡರಿಗೆ ಎಮರಿ ಚಕ್ರ ಸಿಕ್ಕಿಸಿ ಒಣ ಬಣ್ಣದ ಮೇಲೆ ಒತ್ತಿದರೆ ಹಳದಿ ಹೊಗೆ ಏಳುತ್ತದೆ. ಅದು ಎದುರಿನ ಮಿರ್ಚಿ ಬಂಡಿಯ ಹಿಟ್ಟಿನ ಬುಟ್ಟಿಗೂ ನಮ್ಮನೆ ತೊಟ್ಟಿಲಿಗೂ ಭೇದ ಮಾಡುವುದಿಲ್ಲ. ನಿಮ್ಮ ಶಾಸ್ತ್ರದ ಪ್ರಕಾರ ತಾನ ಕುಂದರ್ತದ.

ಎಲ್ಲಿ ಕುಂದರ್ತದ ಎಂಬುದಷ್ಟೇ ನನ್ನ ತಕರಾರು.

ಹಳೆಯ ಹೊಳಪು ಹಳದಿಗಳಲ್ಲಿ ಸೀಸದ ಕ್ರೋಮೇಟ್ ಇರುವುದು ಸಾಮಾನ್ಯ. ಅದರಲ್ಲಿ ಸೀಸವೂ ಉಂಟು, ಕ್ಯಾನ್ಸರ್ ತರುವ ಕ್ರೋಮಿಯಮ್ಮೂ ಉಂಟು. ಒಂದು ಕೊಂಡರೆ ಒಂದು ಪುಕ್ಕಟೆ. ಮೈಯೊಳಗೆ ಹೋದ ಸೀಸವನ್ನು ದೇಹ ಸುಣ್ಣವೆಂದು ನಂಬಿ ಮೂಳೆಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಅದು ದಶಕಗಟ್ಟಲೆ ಕುಂದರ್ತದ. ಹೆಂಗಸು ಬಸುರಿಯಾದರೆ ಮೂಳೆ ಬಿಟ್ಟು ರಕ್ತಕ್ಕಿಳಿದು ಹೊಟ್ಟೆಯ ಕೂಸಿಗೂ ಪಾಲು ಕೊಡುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಅಡ್ಡಿಯಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದೇನು ನನ್ನ ಸಂಶೋಧನೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಅವರು 1990ರ ದಶಕದಿಂದಲೂ ಇದನ್ನೇ ಹೇಳಿಕೊಂಡು ಬಂದವರು. ದೊಡ್ಡ ನಗರಗಳ ಮಕ್ಕಳ ರಕ್ತ ತೆಗೆದು ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 2000ದಲ್ಲಿ ಪೆಟ್ರೋಲಿನ ಸೀಸ ಹೋಯಿತು. ಬಣ್ಣದ ಸೀಸಕ್ಕೆ 2016ರಲ್ಲಿ ನಿಯಮ ಬಂತು: 90 ಪಿಪಿಎಂ ಮೀರುವಂತಿಲ್ಲ, 2017ರ ನವೆಂಬರ್ 1ರಿಂದ ಜಾರಿ. ಆದರೆ ಅದು ಮನೆಗೆ, ಅಲಂಕಾರಕ್ಕೆ ಹಚ್ಚುವ ಬಣ್ಣಕ್ಕೆ ಮಾತ್ರ. ಕೈಗಾರಿಕೆಯ, ಗಾಡಿಗಳ ಬಣ್ಣ ಅದರಾಚೆ. ಅಂದರೆ ನಮ್ಮನೆ ಕಿಟಕಿಗೆ ಹಚ್ಚಿದರೆ ವಿಷ, ಮೊಮ್ಮಗಳು ಹತ್ತುವ ವ್ಯಾನಿಗೆ ಹಚ್ಚಿದರೆ ಬರೀ ಬಣ್ಣ.

ಈಗ ಒಂದು ಮೋಜು ಕೇಳಿ. ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇದ್ದರೂ ನಮಗೆ ಗೊತ್ತಿರುವ ದೋಣಿಯೆಂದರೆ ತಳಕ್ಕೆ ಡಾಂಬರು ಬಳಿದ ಹರಿಗೋಲು. ಸಮುದ್ರದ ದೇಶಗಳಲ್ಲಿ ಶ್ರೀಮಂತರು ಹಾಯಿದೋಣಿ ಇಟ್ಟುಕೊಂಡಿರುತ್ತಾರೆ. ತಳಕ್ಕೆ ಚಿಪ್ಪುಹುಳ ಅಂಟಬಾರದೆಂದು ತಾಮ್ರ ಬೆರೆಸಿದ ವಿಷದ ಬಣ್ಣ ಹಚ್ಚುತ್ತಾರೆ. ಅದನ್ನು ಕೆರೆಯುವಾಗ ಎಷ್ಟೋ ಕಡೆ ನೆಲಕ್ಕೆಲ್ಲ ತಾಡಪತ್ರಿ ಹಾಸಬೇಕು, ಉಜ್ಜುವ ಮಷೀನಿಗೆ ಧೂಳು ಹೀರುವ ಕೊಳವೆ ಕಟ್ಟಬೇಕು, ಉದುರಿದ್ದನ್ನು ವಿಷದ ಕಸವೆಂದು ಬೇರೆಯೇ ಒಪ್ಪಿಸಬೇಕು. ಹಿಂದೆ ಆ ಬಣ್ಣಕ್ಕೆ ಟಿಬಿಟಿ ಎಂಬ ತವರದ ವಿಷ ಹಾಕುತ್ತಿದ್ದರು. ಅದರಿಂದ ಕಡಲಿನ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಮೂಡತೊಡಗಿತು. ದೇಶದೇಶಗಳು ಕೂತು 2001ರಲ್ಲಿ ಅದರ ನಿಷೇಧಕ್ಕೆ ಒಪ್ಪಂದ ಮಾಡಿದವು. 2008ರ ಸೆಪ್ಟೆಂಬರಿನಲ್ಲಿ ಅದು ಜಾರಿಯಾಯಿತು. ಬಸವನಹುಳು ಯಾವ ಕಚೇರಿಯ ಬಾಕಿನ ಮೇಲೂ ಕಾಯಲಿಲ್ಲ. ‘ಮೀಟಿಂಗ್‌ನ್ಯಾಗ ಅದಾರ’ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ನಮಗೂ ಆ ಬಸವನಹುಳುವಿನಷ್ಟು ಮರ್ಯಾದೆ ಸಿಗಲಿ ಎಂಬುದೇ ನನ್ನ ಅರ್ಜಿಯ ಸಾರಾಂಶ.

ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಿತ್ತು. ಮೊದಲ ಹೆಸರೇ ಸೀಸದ ವಿಷಬಾಧೆ. ಆದರೆ ಆ ಕಾಯ್ದೆಗೆ ಕರೆಂಟಿನ ಕೆಲಸವಿದ್ದಲ್ಲಿ ಹತ್ತು ಆಳಿದ್ದರೆ ಮಾತ್ರ ಕಾರ್ಖಾನೆಯಾಗಿತ್ತು. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ನಮ್ಮ ಶೆಡ್ಡಿನಲ್ಲಿ ಒಬ್ಬ ಉಸ್ತಾದ್, ಒಬ್ಬ ಹುಡುಗ. ವಿಷ ತಲೆ ಎಣಿಸಿಕೊಂಡು ಒಳಗೆ ಬರುತ್ತದೆಂದು ಯಾರೋ ನಂಬಿದಂತಿದೆ.

ಆ ಹುಡುಗ ದೇವದುರ್ಗದ ಕಡೆಯ ತಾಂಡಾದವನು. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದಾರೆ. ಸಂಜೆ ಅವನ ರೆಪ್ಪೆಗೂದಲು ಹಳದಿ, ಕಿವಿಯ ಸಂದಿ ಹಳದಿ. ಮೂಗಿಗೆ ಒಂದು ಟವೆಲ್ ಕಟ್ಟಿರುತ್ತಾನೆ. ಬಿಚ್ಚಿದಾಗ ಮೂಗಿನ ಕೆಳಗೂ ಹಳದಿ ಗೆರೆ ಇರುತ್ತದೆ, ಅಂದರೆ ಟವೆಲ್ ತಡೆದದ್ದು ಏನೂ ಇಲ್ಲ. ಊಟದ ಹೊತ್ತಿಗೆ ಅದನ್ನೇ ಎರಡು ಸಲ ಝಾಡಿಸಿ, ಅದರ ಮೇಲೇ ಜೋಳದ ರೊಟ್ಟಿ ಇಟ್ಟುಕೊಂಡು ತಿನ್ನುತ್ತಾನೆ. ಸಾಹೇಬರ, ನಾನು ನಿಮ್ಮ ಮೀಟಿಂಗನ್ನು ಸಹಿಸಿದೆ, ಊಟವನ್ನು ಸಹಿಸಿದೆ, ಗುಮಾಸ್ತರ ನಗೆಯನ್ನೂ ಸಹಿಸಿದೆ. ಆ ಟವೆಲ್ ಸಹಿಸಲಾಗುತ್ತಿಲ್ಲ. ವ್ಯಂಗ್ಯ ಸಾಕು. ಹದಿನೆಂಟೂ ದಾಟದಂತೆ ಕಾಣುವ ಒಬ್ಬ ಹುಡುಗ ವಿಷ ನೆಂಚಿಕೊಂಡು ರೊಟ್ಟಿ ತಿನ್ನುತ್ತಿದ್ದಾನೆ, ನೀವು ನನಗೆ ಧೂಳಿನ ಸ್ವಭಾವ ಕಲಿಸುತ್ತೀರಿ. ನಾಚಿಕೆಯಾಗಬೇಕು.

ಉಸ್ತಾದನ ಮೇಲೆ ಕೇಸು ಹಾಕಿ ಎಂದು ನಾನು ಬರೆದಿಲ್ಲ, ಅವನಿಗೂ ಮಕ್ಕಳಿದ್ದಾರೆ. ಬರೆದದ್ದು ಇಷ್ಟೇ. ಗ್ರೈಂಡರ್ ಬಿಟ್ಟು ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಲಿ, ಧೂಳು ಅಷ್ಟಾಗಿ ಏಳುವುದಿಲ್ಲ. ಕೆಳಗೆ ತಾಡಪತ್ರಿ ಹಾಸಲಿ. ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ತಾಡಪತ್ರಿಗೆ ಬರವಿಲ್ಲ. ಕೆಸರನ್ನು ಚರಂಡಿಗೆ ಬಿಡದೆ ಡಬ್ಬಿಗೆ ತುಂಬಲಿ. ಒಣ ಕಸಬರಿಗೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಲಿ. ಹುಡುಗನಿಗೆ ಸಂದಿಯಿಲ್ಲದೆ ಕೂರುವ ಮಾಸ್ಕ್, ಕೆಲಸಕ್ಕೇ ಒಂದು ಜೊತೆ ಅಂಗಿ, ಊಟಕ್ಕೆ ಮುಂಚೆ ಸೋಪು. ಹುಡುಗನ ವಯಸ್ಸು ಯಾರಾದರೂ ಕೇಳಲಿ. ಇದಕ್ಕೆ ಟೆಂಡರ್ ಬೇಕಿಲ್ಲ. ನಿಮ್ಮವರೊಬ್ಬರು ಬಂದು ಗಟ್ಟಿಯಾಗಿ ಹೇಳಿ ಹೋದರೆ ಸಾಕು.

ಮತ್ತೊಂದು, ಆ ಹುಡುಗನ ರಕ್ತ ಪರೀಕ್ಷೆ ಮಾಡಿಸಿ. ಸೀಸ ಇಲ್ಲವೆಂದು ಬಂದರೆ ನಿಮ್ಮ ಇಡೀ ಕಚೇರಿಗೆ ಪೇಢೆ ಹಂಚಿ, ‘ಧೂಳು ತಾನ ಕುಂದರ್ತದ’ ಎಂದು ಗೋಡೆಗೆ ನಾನೇ ಬರೆಸುತ್ತೇನೆ. ಇದೆ ಎಂದು ಬಂದರೆ ಅವನಿಗೆ ನೀವು ಏನು ಕೊಡುತ್ತೀರಿ?

ಇಂತಿ,
ಮೊಹರು ಬೀಳದ ಅರ್ಜಿಯವನು

ತಾ.ಕ.: ವ್ಯಾನುಗಳ ಹಿಂದೆ ಹಳೆಯ ಜೀಪೊಂದು ಸರದಿಯಲ್ಲಿ ನಿಂತಿದೆ. ಬಾಗಿಲ ಮೇಲೆ ನಿಮ್ಮ ಇಲಾಖೆಯ ಹೆಸರಿದೆ. ನಾಳೆ ಕೆರೆಯುತ್ತಾರಂತೆ.