ಪ್ರೊಜೆಕ್ಟರಾಭಾವವಿಚಾರ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲಿಗೆ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ನಮ್ಮ ವಿಷಯ, ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಪಾಠಕ್ಕೆಂದು ತರಿಸಿಟ್ಟ ಯಂತ್ರಗಳು. ಪ್ರಯೋಜನ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಅಂಕ. ಸಂಬಂಧ, ಒಂದು ಎಚ್‌ಡಿಎಂಐ ಕೇಬಲ್ಲು; ಅದು ಸದ್ಯಕ್ಕೆ ಸಿಕ್ಕಿಲ್ಲ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು, ಯಾರೆಂಬುದರಲ್ಲಿ ಮತಭೇದವಿದೆ. ಪ್ರಾಂಶುಪಾಲರು ತಾವೆನ್ನುತ್ತಾರೆ, ಕಾಲೇಜಿನ ಗುಣಮಟ್ಟ ಕೋಶವಾದ ಐಕ್ಯೂಎಸಿಯ ಸಂಯೋಜಕರು ತಾವೆನ್ನುತ್ತಾರೆ. ಸ್ಮಾರ್ಟ್ ಕ್ಲಾಸಿನ ಬೀಗದ ಕೈ ಮಾತ್ರ ಅಟೆಂಡರನ ಜೇಬಿನಲ್ಲಿದೆ.

ಮೊದಲು ಪೂರ್ವಪಕ್ಷ. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವ ಹಾಗೆ ಯಂತ್ರವಿರುವಲ್ಲೆಲ್ಲ ಕಲಿಕೆಯಿದೆ ಎಂಬುದು ಯಂತ್ರವಾದಿಗಳ ವ್ಯಾಪ್ತಿವಾಕ್ಯ. (ನಮ್ಮ ಕಾಲೇಜಿನಲ್ಲಿ ಹೊಗೆ ಕಾಣಿಸಿದ್ದು ಒಮ್ಮೆ, ಯುಪಿಎಸ್ಸಿನ ಹಿಂದುಗಡೆ. ಆಗ ಕಲಿಕೆ ನಡೆಯುತ್ತಿತ್ತೆಂಬುದಕ್ಕೆ ದಾಖಲೆಯಿಲ್ಲ.) ಈ ಮತದ ಆದ್ಯ ಆಚಾರ್ಯ ಥಾಮಸ್ ಎಡಿಸನ್. ಇನ್ನು ಹತ್ತೇ ವರ್ಷ, ಶಾಲೆಗಳಿಗೆ ಪುಸ್ತಕವೇ ಬೇಡವಾಗುತ್ತದೆ, ಎಲ್ಲವನ್ನೂ ಚಲನಚಿತ್ರದಲ್ಲೇ ಕಲಿಸಬಹುದು ಎಂದು ಆತ 1913ರಲ್ಲೇ ನುಡಿದಿದ್ದ. ಚಲನಚಿತ್ರದ ಯಂತ್ರ ಮಾರುತ್ತಿದ್ದವನೂ ಆತನೇ ಆದ್ದರಿಂದ ಇದನ್ನು ಆಪ್ತವಾಕ್ಯವೆನ್ನಬೇಕೋ ಕೊಟೇಶನ್ ಎನ್ನಬೇಕೋ ಎಂಬ ಜಿಜ್ಞಾಸೆ ಇಂದಿಗೂ ಉಳಿದಿದೆ. 1954ರಲ್ಲಿ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾಠ ಹೇಳುವ ಪೆಟ್ಟಿಗೆಯನ್ನೇ ಮಾಡಿ ತೋರಿಸಿದ. ನಮ್ಮ ನಾಡಿಗೆ ಈ ಮತ ನೇರ ಆಕಾಶದಿಂದಲೇ ಇಳಿಯಿತು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. 1984ರ ಸ್ವಾತಂತ್ರ್ಯ ದಿನದಂದು ಯುಜಿಸಿ ದೂರದರ್ಶನದಲ್ಲಿ ಕಾಲೇಜು ಪಾಠ ಶುರುಮಾಡಿತು. 2004ರಲ್ಲಿ ಪಾಠಕ್ಕೆಂದೇ ಎಜುಸ್ಯಾಟ್ ಹಾರಿತು. ಅದರ ಪ್ರಯೋಗಕ್ಕೆ ಮೊದಮೊದಲು ಒಡ್ಡಿಕೊಂಡವರ ಸಾಲಿನಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. 2017ರಲ್ಲಿ ಸ್ವಯಂ ಎಂಬ ಆನ್‌ಲೈನ್ ಪಾಠವೇದಿಕೆ ಬಂತು. ಹೀಗೆ ನೂರು ವರ್ಷದಿಂದ ಮೇಷ್ಟರು ಇನ್ನೇನು ಬೇಡವಾಗಲಿದ್ದಾರೆ.

ಈಗ ಸಿದ್ಧಾಂತ. ಯಂತ್ರವಾದಿಗಳು ಯಂತ್ರದ ಭಾವವನ್ನು, ಅಂದರೆ ಇರುವಿಕೆಯನ್ನು ಹಿಡಿದುಕೊಂಡು ವಾದಿಸುತ್ತಾರೆ. ಕಾಲೇಜಿನಲ್ಲಿ ಬದುಕುವವನಿಗೆ ಯಂತ್ರ ಗೊತ್ತಾಗುವುದೇ ಅದರ ಅಭಾವದ ಮೂಲಕ. ಅಭಾವವೂ ಒಂದು ಪದಾರ್ಥವೆಂದು ನೈಯಾಯಿಕರು ಎಂದೋ ಒಪ್ಪಿದ್ದಾರೆ. ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸುವುದು ಮಾತ್ರ ಬಾಕಿ.

ಅಭಾವ ನಾಲ್ಕು ಬಗೆ. ಮಡಕೆ ಮಾಡುವ ಮುನ್ನ ಮಣ್ಣಿನಲ್ಲಿ ಮಡಕೆಯಿಲ್ಲವಲ್ಲ, ಅದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ಇಂಡೆಂಟ್ ಯಾವಾಗ ಕಳಿಸಿದ್ದೆಂದು ಯಾರಿಗೂ ನೆನಪಿಲ್ಲ; ಮಾರ್ಚ್ ಕೊನೆಯ ವಾರ ಲಾರಿ ಬಂದು ನಿಲ್ಲುತ್ತದೆ. ಇಲ್ಲಿ ಶಾಸ್ತ್ರಕ್ಕೂ ಖಜಾನೆಗೂ ವಿರೋಧವಿಲ್ಲ.

ಒಡೆದ ಮಡಕೆಯ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಆದಿ ಯಾವುದು? ವಾರಂಟಿ ಮುಗಿದ ಮರುದಿನ. ಎರವಲು ಉಪಗ್ರಹ ವರ್ಷ ತುಂಬುತ್ತಲೇ ಹಿಂದಿರುಗಿತು, ಎಜುಸ್ಯಾಟ್ 2010ರಲ್ಲಿ ನಿವೃತ್ತವಾಯಿತು. ಆಕಾಶದಲ್ಲಿರುವವಕ್ಕೇ ಹೀಗಾದರೆ ಮೊದಲ ಮಹಡಿಯ ಪ್ರೊಜೆಕ್ಟರಿನ ಬಲ್ಬು ಎಷ್ಟರದು? ಆದರೆ ನಮ್ಮ ಕಾಲೇಜುಗಳು ಶಾಸ್ತ್ರಕ್ಕೆ ಒಂದು ತಿದ್ದುಪಡಿ ಸೂಚಿಸಿವೆ. ನೈಯಾಯಿಕರ ಮಡಕೆ ಒಡೆದ ಮೇಲೆ ಇಲ್ಲವಾಗುತ್ತದೆ. ಸರ್ಕಾರಿ ಮಡಕೆ ಹಾಗೆ ಇಲ್ಲವಾಗಲು ಬರುವುದಿಲ್ಲ. ಅದನ್ನು ವಿಲೇವಾರಿ ಮಾಡಲು ಸಮಿತಿ ಸೇರಬೇಕು, ಸಮಿತಿ ಬೆಲೆ ಕಟ್ಟಬೇಕು, ಕಟ್ಟಿದ ಬೆಲೆಗೆ ಆಡಿಟ್‌ನವರು ಆಕ್ಷೇಪ ಎತ್ತಬೇಕು, ಅದಕ್ಕೆ ಸಮಜಾಯಿಷಿ ಹೋಗಬೇಕು. ಅಲ್ಲಿಯವರೆಗೆ ಸತ್ತ ಸಿಪಿಯುಗಳು, ಹೊಟ್ಟೆಯುಬ್ಬಿದ ಬ್ಯಾಟರಿಗಳು, ಓವರ್‌ಹೆಡ್ ಪ್ರೊಜೆಕ್ಟರೆಂಬ ಹಳೆಯ ಯುಗದ ಪ್ರಾಣಿ ಎಲ್ಲವೂ ಕ್ರೀಡಾ ಕೊಠಡಿಯಲ್ಲಿ ಕೇರಂ ಬೋರ್ಡಿನ ಹಿಂದೆ ಅಸ್ತಿತ್ವದಲ್ಲಿರುತ್ತವೆ. ಇವುಗಳಿಗೆ ವರ್ಷಕ್ಕೊಮ್ಮೆ ಆಯುಧಪೂಜೆಯ ಕುಂಕುಮವೂ ಆಗುತ್ತದೆ. ಪುಸ್ತಕದಲ್ಲಿ ಉಂಟು, ತರಗತಿಯಲ್ಲಿಲ್ಲ. ಈ ಸ್ಥಿತಿಗೆ ಶಂಕರರ ಕಡೆಯವರು ಬೇರೆ ಹೆಸರು ಇಟ್ಟಿದ್ದಾರೆ, ಅದನ್ನು ಆಡಿಟ್‌ನವರ ಎದುರು ಹೇಳುವಂತಿಲ್ಲ.

ಗಾಳಿಗೆ ಬಣ್ಣ ಇಲ್ಲವೆಂಬುದು ಅತ್ಯಂತಾಭಾವ: ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೂ ಬರುವುದಿಲ್ಲ. ಹೊಸ ಬ್ಲಾಕಿನಲ್ಲಿ ನೆಟ್‌ವರ್ಕ್ ಇದಕ್ಕೆ ಉದಾಹರಣೆ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಹುಡುಗ ಹುಡುಗಿಯರು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದ್ದರಿಂದ ಅಭಾವ ಸ್ಥಳವನ್ನು ಅವಲಂಬಿಸಿದೆ ಎಂಬುದೂ ಸ್ಥಾಪಿತವಾಯಿತು. ಗುಡ್ಡದ ಮೇಲಿದ್ದವರಿಗೆ ಮೇಷ್ಟರು ಕೇಳಿಸುತ್ತಿದ್ದರು. ಮೇಷ್ಟರ ಮನೆಯಲ್ಲಿ ಗುಡ್ಡವಿರಲಿಲ್ಲ.

ನಾಲ್ಕನೆಯದು ಅನ್ಯೋನ್ಯಾಭಾವ, ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ. ಗ್ರಂಥಕರ್ತನ ದೃಷ್ಟಿಯಲ್ಲಿ ಉನ್ನತ ಶಿಕ್ಷಣದ ಅರ್ಧ ಆಯುಷ್ಯವನ್ನು ತಿಂದಿರುವುದು ಇದೇ. ವಿಜಿಎ ಎಚ್‌ಡಿಎಂಐ ಅಲ್ಲ. ಹೊಸ ಲ್ಯಾಪ್‌ಟಾಪಿನ ತೂತು ಇವೆರಡೂ ಅಲ್ಲ. ಇದಕ್ಕೊಂದು ಪರಿವರ್ತಕ ಸಿಗುತ್ತದೆ. ಅದು ಫಿಸಿಕ್ಸ್ ಮೇಡಂ ಬ್ಯಾಗಿನಲ್ಲಿದೆ, ಮೇಡಂ ಮೌಲ್ಯಮಾಪನಕ್ಕೆ ಹೋಗಿದ್ದಾರೆ. ಆದರೂ ಇವೆಲ್ಲ ಬಾಹ್ಯ ಭೇದಗಳು. ಇವನ್ನು ಮೀರಿದ ಭೇದವನ್ನು ನೋಡಬೇಕಾದರೆ ಕನ್ನಡ ವಿಭಾಗಕ್ಕೆ ಬರಬೇಕು.

ಅತಿಥಿ ಉಪನ್ಯಾಸಕರೊಬ್ಬರು ವ್ಯಾಕರಣಕಾರ ಕೇಶಿರಾಜನ ಮೇಲೆ ಪಿಪಿಟಿ ಮಾಡಿದ್ದಾರೆನ್ನಿ. ರಾತ್ರಿಯೆಲ್ಲ ಕೂತು, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ, ಪೆನ್‌ಡ್ರೈವಿನಲ್ಲಿ ತಂದಿದ್ದಾರೆ. ಸ್ಮಾರ್ಟ್ ಕ್ಲಾಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಫೈಲು ತೆರೆಯುತ್ತದೆ, ಪರದೆಯ ತುಂಬ ತಲೆಯ ಮೇಲೆ ಟೋಪಿ, ಚುಕ್ಕಿ, ಕೊಂಬು ಹೊತ್ತ ರೋಮನ್ ಅಕ್ಷರಗಳು. ಹಳೆಯ ನುಡಿ ಯೂನಿಕೋಡ್ ಅಲ್ಲ, ಯೂನಿಕೋಡ್ ಹಳೆಯ ನುಡಿಯಲ್ಲ. ಇಂಥ ಫೈಲಿನಲ್ಲಿ ಕನ್ನಡವೇ ಇಲ್ಲ, ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟ್, ಫಾಂಟ್ ಇಲ್ಲದಲ್ಲಿ ವೇಷ ಕಳಚುತ್ತದೆ. ಇದನ್ನು ಕೇಶಿರಾಜ ನೋಡಿದ್ದರೆ ತನ್ನ ಅಪಭ್ರಂಶ ಪ್ರಕರಣವನ್ನು ಇನ್ನಷ್ಟು ಬೆಳೆಸುತ್ತಿದ್ದ. ನಮ್ಮ ಉಪನ್ಯಾಸಕರು ಹಾಗೇನೂ ಮಾಡಲಿಲ್ಲ. ಸ್ಮಾರ್ಟ್ ಬೋರ್ಡಿನ ಎಡಬದಿಗೆ ಉಳಿದಿದ್ದ ಮೂರಡಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸಂಧಿ ಬರೆದು ಪಾಠ ಮುಗಿಸಿದರು. ಪಾಠ ಚೆನ್ನಾಗಿತ್ತು. ಇದು ಪೂರ್ವಪಕ್ಷಕ್ಕೆ ಬಾಧಕವಾಗುವುದರಿಂದ ವರದಿಯಲ್ಲಿ ಸೇರಿಲ್ಲ.

ಇಲ್ಲೊಂದು ಹಳೆಯ ವ್ಯಾಜ್ಯ ತಾನಾಗಿ ಇತ್ಯರ್ಥವಾಗುವುದನ್ನು ಓದುಗರು ಗಮನಿಸಬೇಕು. ಇಲ್ಲದಿರುವುದು ನಮಗೆ ಗೊತ್ತಾಗುವುದು ಹೇಗೆ? ಕಣ್ಣಿನಿಂದಲೇ ಕಾಣುತ್ತದೆ ಎಂದು ನೈಯಾಯಿಕರು. ಕಾಣುವುದಿಲ್ಲ, ಅದಕ್ಕೆ ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕು ಎಂದು ಕುಮಾರಿಲಭಟ್ಟರ ಕಡೆಯವರು. ಶತಮಾನಗಳ ಜಗಳ. ಪ್ರೊಜೆಕ್ಟರ್ ಹಚ್ಚಿದ ಕೂಡಲೇ ನೀಲಿ ಪರದೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ‘ನೋ ಸಿಗ್ನಲ್’ ಎಂದು ಮೂಡುತ್ತದೆ. ಅಭಾವ ಪ್ರತ್ಯಕ್ಷ, ಅದೂ ಕೊನೆಯ ಬೆಂಚಿನವರೆಗೆ. ಭಟ್ಟರ ಪಕ್ಷ ಸೋತಿತು. ಮುಂದೇನು ಮಾಡಬೇಕೆಂಬುದರಲ್ಲಿ ಮಾತ್ರ ಪ್ರಾಚೀನರೂ ನವ್ಯರೂ ಒಪ್ಪುವುದಿಲ್ಲ: ಪ್ರಾಚೀನರು ಯಂತ್ರದ ಬೆನ್ನಿಗೆ ಒಂದು ಮೊಟಕುತ್ತಾರೆ, ನವ್ಯರು ಆಫ್ ಮಾಡಿ ಆನ್ ಮಾಡುತ್ತಾರೆ. ಅಟೆಂಡರು ಎರಡೂ ಮತಗಳನ್ನು ಬಲ್ಲವನು. ‘ಬಿಡಿ ಸಾರ್, ಮೇಲಿನ್ ವೈರ್ ಇಲಿ ಕಡ್ದದೆ’ ಎಂದು ತಿಳಿಸಿ ಹೋಗುತ್ತಾನೆ.

ಪ್ರಮಾಣಗಳ ಮಾತು ಬಂತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂದು ಆರನ್ನು ಹಿರಿಯರು ಎಣಿಸಿದ್ದಾರೆ. 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ನೆಲೆಸಿರುವ ನ್ಯಾಕಿನ ಪ್ರಭಾವದಿಂದ ನಮ್ಮ ಕಾಲೇಜುಗಳು ಏಳನೆಯದೊಂದನ್ನು ಕಂಡುಕೊಂಡಿವೆ: ಜಿಯೋಟ್ಯಾಗ್ ಇರುವ ಫೋಟೋ. ಉಳಿದ ಆರೂ ಸುಳ್ಳಾಗಬಹುದು. ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ ಅಚ್ಚಾಗಿರುವ ಫೋಟೋ ಸುಳ್ಳಾಗುವುದಿಲ್ಲ. ಪರದೆಯ ಮೇಲೆ ಬೆಳಕು ಬಿದ್ದಿರಬೇಕು, ಉಪನ್ಯಾಸಕರ ಬೆರಳು ಬೆಳಕಿನ ಕಡೆ ತೋರಿಸುತ್ತಿರಬೇಕು, ಮೊದಲ ಸಾಲಿನವರು ಬರೆದುಕೊಳ್ಳುತ್ತಿರಬೇಕು. ಬೆಳಕು ಪ್ರೊಜೆಕ್ಟರಿನದೇ ಆಗಿರಬೇಕೆಂಬ ವಿಧಿಯಿಲ್ಲ. ಹೀಗಾಗಿ ಪಾಠದಿಂದ ಫೋಟೋ ಹುಟ್ಟುತ್ತದೆ ಎಂಬ ಹಳೆಯ ಕಾರ್ಯಕಾರಣವಾದ ತಿರುವುಮುರುವಾಗಿ, ಫೋಟೋ ಬೇಕಾದಾಗ ಪಾಠ ಹುಟ್ಟುತ್ತದೆ ಎಂಬ ನವೀನ ಮತ ಬೆಳೆಯುತ್ತಿದೆ. ಯಂತ್ರದಿಂದ ಕಲಿಕೆ ಆಗುವುದೇ ಇಲ್ಲವೆಂದು ಗ್ರಂಥಕರ್ತ ಹೇಳುತ್ತಿಲ್ಲ. ಐಐಟಿಗಳೂ ಐಐಎಸ್‌ಸಿಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳನ್ನು ಹಾಸ್ಟೆಲಿನ ಹುಡುಗರು ಮೊಬೈಲಿನಲ್ಲಿ ಕೇಳಿ ಪಾಸಾಗಿದ್ದಾರೆ. ಅವರು ಫೋಟೋ ತೆಗೆದಿಟ್ಟಿಲ್ಲ, ಆದ್ದರಿಂದ ಪ್ರಮಾಣವಿಲ್ಲ.

ಬಡ್ತಿಯ ಮಾರ್ಗದಲ್ಲೂ ಯಂತ್ರಕ್ಕೆ ಜಾಗವಿದೆ. 2018ರ ಯುಜಿಸಿ ನಿಯಮಾವಳಿ ಪ್ರಕಾರ ನಾಲ್ಕು ಪಾದಗಳಿರುವ ಪೂರ್ಣ ಮೂಕ್, ಅಂದರೆ ಆನ್‌ಲೈನ್, ಕೋರ್ಸು ಕಟ್ಟಿದವರಿಗೆ 20 ಅಂಕ, ಬಿಡಿ ಪಾಠಕ್ಕೆ 5. ವಿಡಿಯೋ, ಪಠ್ಯ, ಚರ್ಚೆ, ಪರೀಕ್ಷೆ ಇವು ನಾಲ್ಕು ಪಾದಗಳು. ಧರ್ಮದ ಪಾದಗಳು ಯುಗಕ್ಕೊಂದರಂತೆ ಕಡಿಮೆಯಾದವಂತೆ; ಇವು ಸೆಮಿಸ್ಟರಿಗೊಂದರಂತೆ ಕಡಿಮೆಯಾಗುತ್ತವೆ. ಕೊನೆಗೆ ಉಳಿಯುವುದು ಚರ್ಚೆಯ ಪಾದ, ಅದರಲ್ಲಿ ‘ನೈಸ್ ವಿಡಿಯೋ ಸರ್’ ಎಂಬ ಒಂದು ಸಾಲು. ಈ ಅಂಕಗಳು ಅತಿಥಿ ಉಪನ್ಯಾಸಕರಿಗೆ ಯಾವ ಬಡ್ತಿಯನ್ನೂ ತರುವುದಿಲ್ಲ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಗಟ್ಟಲೆ ಇರುವ ಅವರೇ ಹೆಚ್ಚಿನ ಪಾಠ ಮಾಡುವವರು, ಪೋರ್ಟಲಿಗೆ ಅಂಕ ಏರಿಸುವವರು, ಒಟಿಪಿಗೆ ಕಾಯುವವರು. ಒಟಿಪಿ ಹೋಗುವುದು ಪ್ರಾಂಶುಪಾಲರ ಮೊಬೈಲಿಗೆ. ಪ್ರಾಂಶುಪಾಲರು ಹೊಸ ಬ್ಲಾಕಿನಲ್ಲಿರುತ್ತಾರೆ, ಹೊಸ ಬ್ಲಾಕಿನ ವಿಚಾರ ಮೇಲೆ ಬಂದಿದೆ.

ಅಧಿಕಾರಿಯ ಪ್ರಶ್ನೆಯೊಂದು ಉಳಿಯಿತು. ಇದನ್ನು ನಿರ್ಣಯಿಸುವ ಅವಕಾಶ ಈಚೆಗೆ ಒದಗಿತು. ನ್ಯಾಕ್ ಭೇಟಿಗೆ ಮುನ್ನ ಎಲ್ಲರ ಅಭಿಪ್ರಾಯ ಸಂಗ್ರಹಿಸಬೇಕೆಂದು ಐಕ್ಯೂಎಸಿ ಗೂಗಲ್ ಫಾರ್ಮೊಂದರ ಲಿಂಕನ್ನು ಕಾಲೇಜಿನ ವಾಟ್ಸ್‌ಆಪ್ ಗುಂಪಿಗೆ ಹಾಕಿ, ಸಂಜೆಯೊಳಗೆ ಕಡ್ಡಾಯವಾಗಿ ತುಂಬಲು ಸೂಚಿಸಿತು. ಅಟೆಂಡರೂ ಆ ಗುಂಪಿನಲ್ಲಿದ್ದಾನೆ. ತಾವು ಯಾರು ಎಂಬ ಮೊದಲ ಪ್ರಶ್ನೆಗೆ ಫಾರ್ಮಿನಲ್ಲಿ ನಾಲ್ಕೇ ಉತ್ತರ: ವಿದ್ಯಾರ್ಥಿ, ಅಧ್ಯಾಪಕ, ಹಳೆಯ ವಿದ್ಯಾರ್ಥಿ, ಉದ್ಯೋಗದಾತ. ಅಟೆಂಡರ್ ಎಂಬುದು ಅಲ್ಲಿ ಅತ್ಯಂತಾಭಾವ. ಒಂದನ್ನು ಒತ್ತದೆ ಮುಂದಿನ ಪುಟ ಬರುವುದಿಲ್ಲ. ಮೊದಲ ಮೂರೂ ತಾನಲ್ಲವೆಂದು ಅನ್ಯೋನ್ಯಾಭಾವ ನ್ಯಾಯದಿಂದ ತೀರ್ಮಾನಿಸಿ ಅವನು ನಾಲ್ಕನೆಯದನ್ನು ಒತ್ತಿದ. ಆ ವರ್ಷ ಕಾಲೇಜಿಗೆ ಬಂದ ಉದ್ಯೋಗದಾತರ ಅಭಿಪ್ರಾಯ ಅದೊಂದೇ ಆದ್ದರಿಂದ ವರದಿಯಲ್ಲಿ ಅದಕ್ಕೊಂದು ಇಡೀ ಪುಟ ಸಿಕ್ಕಿತು, ನೂರಕ್ಕೆ ನೂರೆಂದು ಒಂದೇ ಬಣ್ಣದ ದುಂಡು ನಕ್ಷೆಯ ಸಮೇತ: ‘ಯುಪಿಎಸ್ ಬ್ಯಾಟರಿ ಚೇಂಜ್ ಮಾಡ್ಸಿ, ಇಲಿ ಬೋನು ಎರಡು ಕೊಡ್ಸಿ.’ ಕೈಗೊಂಡ ಕ್ರಮ ಎಂಬ ಅಂಕಣದಲ್ಲಿ, ಉದ್ಯಮರಂಗದ ನಿರೀಕ್ಷೆಗಳನ್ನು ಪಠ್ಯಕ್ರಮ ಪರಿಷ್ಕರಣೆಯ ವೇಳೆ ಪರಿಗಣಿಸಲಾಗುವುದು ಎಂದಿದೆ.