ಮರಳಿನ ಮೇಲೊಂದು ಬಯಲಾಟ

ಗಲ್ಫಿನಲ್ಲಿ ಮನೆ ಮಾಡಿದವನಿಗೆ ನೌಕರಿ ಯಾವುದೇ ಇರಲಿ, ಅದರ ಜೊತೆ ಸಂಬಳವಿಲ್ಲದ ಇನ್ನೊಂದು ಹುದ್ದೆ ತಾನಾಗಿ ಅಂಟಿಕೊಳ್ಳುತ್ತದೆ: ಊರಿನಿಂದ ಬಂದವರಿಗೆ ದುಬೈ ತೋರಿಸುವುದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ಮನುಷ್ಯರು ಹೊರಗೆ ಕಾಲಿಡಬಹುದು. ಆ ದಿನಗಳಲ್ಲಿ ಮಂಗಳೂರಿನ ವಿಮಾನದಿಂದ ಇಳಿಯುವವರೆಲ್ಲ ಯಾರದಾದರೂ ಅತ್ತೆ-ಮಾವನೇ ಎನ್ನುವಷ್ಟು ಗೌಜಿ. ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಮಾವಿನ ಮಿಡಿ. ತಲೆಯಲ್ಲಿ ಒಂದು ಪಟ್ಟಿ. ಬುರ್ಜ್ ಖಲೀಫಾ, ಚಿನ್ನದ ಸೂಕ್, ಅಬುಧಾಬಿಯ ಶೇಖ್ ಝಾಯೆದ್ ಮಸೀದಿ, ಅಲ್ಲೇ 2024ರಲ್ಲಿ ಬಾಗಿಲು ತೆರೆದ ಸ್ವಾಮಿನಾರಾಯಣ ಮಂದಿರ, ಕೊನೆಗೆ ಡೆಸರ್ಟ್ ಸಫಾರಿ.

ಈ ಕೊನೆಯದನ್ನು ನಾನು ವರ್ಷಗಳಿಂದ ಉಪಾಯವಾಗಿ ತಪ್ಪಿಸಿಕೊಂಡು ಬಂದಿದ್ದೆ. ಬೆನ್ನುನೋವು ಎನ್ನುತ್ತಿದ್ದೆ, ಆಡಿಟ್ ಎನ್ನುತ್ತಿದ್ದೆ. ನಿಜವಾದ ಕಾರಣ ಜಂಬ. ಮರಳಿನ ಮೇಲೆ ಕಾರು ಕುಣಿಸಿ, ಒಂಟೆ ಹತ್ತಿಸಿ, ಊಟ ಹಾಕಿ, ಕುಣಿತ ತೋರಿಸಿ ಕಳಿಸುವ ಆ ಸಂಜೆ ಪ್ರವಾಸಿಗಳಿಗೆ. ನಾನೋ ಎಮಿರೇಟ್ಸ್ ಐಡಿ ಇರುವ ನಿವಾಸಿ. ಅರಬ್ ಸಂಸ್ಕೃತಿಯ ಬಗ್ಗೆ ಓದಿಕೊಂಡವನು. ಇಷ್ಟು ವರ್ಷದಲ್ಲಿ ಒಬ್ಬ ಎಮಿರಾತಿಯ ಮನೆಯ ಹೊಸ್ತಿಲನ್ನೂ ದಾಟಿದವನಲ್ಲ ಎಂಬುದು ಬೇರೆ ಮಾತು. ನನ್ನ ಅರಬ್ಬಿ ಶಬ್ದಭಂಡಾರ ‘ಯಲ್ಲಾ’, ‘ಖಲಾಸ್’, ‘ಹಬೀಬಿ’, ‘ಶುಕ್ರನ್’ ಇಷ್ಟರಲ್ಲಿ ಮುಗಿಯುತ್ತದೆ. ಆದರೆ ಯುನೆಸ್ಕೊದವರು ಯಾವ ಕಲೆಯನ್ನು ಯಾವ ವರ್ಷ ಪರಂಪರೆಯ ಪಟ್ಟಿಗೆ ಸೇರಿಸಿದರು ಎಂಬುದು ನನಗೆ ಬಾಯಿಪಾಠ. ಹೆಂಡತಿಯ ಪ್ರಕಾರ ಇದು ಗುಣವಾಗದ ಕಾಯಿಲೆ.

ಈ ಸಲ ಅತ್ತೆ-ಮಾವ ಬಂದಾಗ ನಾನೇ ಮುಂದಾಗಿ ಬದಲಿ ಯೋಜನೆ ಹೇಳಿದೆ. ದೊಡ್ಡ ಹೋಟೆಲಿನಲ್ಲಿ ಮೊರಾಕೊ ಊಟ! ಗಿಡ್ಡ ಮೇಜು, ದಿಂಬು, ತೂತುತೂತಿನ ಹಿತ್ತಾಳೆ ದೀಪ, ಶಂಕುವಿನಂಥ ಮುಚ್ಚಳವಿರುವ ಮಣ್ಣಿನ ತಾಜೀನ್‌ನಲ್ಲಿ ಸಣ್ಣ ಉರಿಯಲ್ಲಿ ಬೆಂದ ಅಡುಗೆ, ಜೊತೆಗೆ ಗ್ನಾವಾ ಸಂಗೀತ. “ಗ್ನಾವಾ 2019ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು, ಕುಸ್‌ಕುಸ್ 2020ರಲ್ಲಿ. ಮೊರಾಕೊ, ಅಲ್ಜೀರಿಯಾ, ಟ್ಯುನೀಷಿಯಾ, ಮಾರಿಟೇನಿಯಾ ನಾಲ್ಕೂ ದೇಶ ಸೇರಿ ಅರ್ಜಿ ಹಾಕಿದ್ದು” ಎಂದೆ.

“ನಿಮ್ಮ ಹೆಸರು ಯಾವಾಗ ಬರ್ತದೆ ಆ ಪಟ್ಟಿಯಲ್ಲಿ?” ಎಂದಳು ಹೆಂಡತಿ.

ಅತ್ತೆ ನನ್ನ ಜೊತೆ ನೇರವಾಗಿ ಮಾತಾಡುವವರಲ್ಲ. ಅಳಿಯನಿಗೆ ಏನು ಹೇಳುವುದಿದ್ದರೂ ಮಗಳ ಮೂಲಕವೇ. ನಾನು ಎದುರಿಗೇ ಕೂತಿದ್ದರೂ ಅದು ತಪ್ಪದು. “ಅವರತ್ರ ಕೇಳು, ಅದರಲ್ಲಿ ಎಂತ ಹಾಕ್ತಾರೆ ಅಂತ” ಎಂದರು. ಕುರಿ, ಒಣಗಿದ ಪ್ಲಮ್, ದಾಲ್ಚಿನ್ನಿ ಎಂದು ಪ್ರಾಮಾಣಿಕವಾಗಿ ಹೇಳಿಬಿಟ್ಟೆ. ಕುರಿ ಬಿಟ್ಟರೆ ಉಳಿಯುವುದು ಕಷಾಯ ಎಂದು ಅತ್ತೆ ಮಗಳಿಗೆ ತಿಳಿಸಿದರು.

ಮಾವನ ಪ್ರಶ್ನೆ ಬೇರೆ. “ಈ ಮೊರಾಕೊ ಇಲ್ಲಿಂದ ಎಷ್ಟು ದೂರ?”

“ವಿಮಾನದಲ್ಲಿ ಎಂಟು ಗಂಟೆ, ಮಾವ.”

“ಮಂಗಳೂರಿಂದ ಇಲ್ಲಿಗೆ ಮೂರೂವರೆ. ಹಾಗಾದ್ರೆ ಅವರಿಗಿಂತ ನಾವೇ ಇಲ್ಲಿಯವರು ಆಯ್ತಲ್ಲ ಮಾರಾಯ್ರೆ!”

ಅಲ್ಲಿಗೆ ಮೊರಾಕೊ ಮುಗಿಯಿತು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲಿನಿಂದಲೂ ಒಳ್ಳೆಯ ಹೆಸರಿರಲಿಲ್ಲ ಎನ್ನಬೇಕು. ಗ್ಲೋಬಲ್ ವಿಲೇಜಿನ ಮೊರಾಕೊ ಮಳಿಗೆಯಲ್ಲಿ ನಾನು ಚೌಕಾಸಿ ಮಾಡಿ ಕೊಂಡ ತಾಜೀನ್‌ನಲ್ಲಿ ಈಗ ಬೆಳ್ಳುಳ್ಳಿ ಇದೆ. ಅದರ ಜೊತೆಗೇ ತಂದದ್ದು ಉದ್ದ ಮೂತಿಯ ಟೀಪಾಟ್. ಮೊರಾಕೊದ ಚಹಾ ಎಂದರೆ ಚೀನಾದ ಹಸಿರು ಚಹಾಪುಡಿಗೆ ಕಟ್ಟುಗಟ್ಟಲೆ ಪುದೀನ, ಹಿಡಿಗಟ್ಟಲೆ ಸಕ್ಕರೆ. ನೊರೆ ಬರುವಂತೆ ಅದನ್ನು ಎತ್ತರದಿಂದ ಪುಟ್ಟ ಗ್ಲಾಸಿಗೆ ಸುರಿಯುವುದೇ ಆತಿಥ್ಯ. ನಾನು ಎತ್ತರದಿಂದ ಸುರಿದೆ. ನೊರೆಯೂ ಬಂತು, ಮಗಳ ಗಣಿತದ ನೋಟ್‌ಬುಕ್ಕಿನ ಮೇಲೆ.

ಡೆಸರ್ಟ್ ಸಫಾರಿಯನ್ನು ಹೆಂಡತಿ ಫೋನಿನಲ್ಲೇ ಬುಕ್ ಮಾಡಿದಳು. ‘ಊಟ: ಸಸ್ಯಾಹಾರ, ಮಾಂಸಾಹಾರ, ಜೈನ’ ಎಂದು ಮೂರು ಆಯ್ಕೆ. ಮರುಭೂಮಿಯ ನಡುವೆ ಬೆಳ್ಳುಳ್ಳಿ ಹಾಕದ ಜೈನ ಊಟ ಸಿಗುತ್ತದೆಂದು ತಿಳಿದ ಮೇಲೆ ಮಾವನಿಗೆ ಈ ದೇಶದ ಮೇಲಿನ ಗೌರವ ಇಮ್ಮಡಿಯಾಯಿತು. ಆದರೂ ಅತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡರು. ನಂಬಿಕೆ ಬೇರೆ, ಡಬ್ಬಿ ಬೇರೆ.

ಲಹ್‌ಬಾಬಿನ ಕೆಂಪು ಮರಳಿನ ಅಂಚಿನಲ್ಲಿ ಲ್ಯಾಂಡ್‌ಕ್ರೂಸರ್ ನಿಂತಿತು. ಪೇಶಾವರದ ಕಡೆಯ ಚಾಲಕ ಇಳಿದು ನಾಲ್ಕೂ ಚಕ್ರದ ಗಾಳಿ ಬಿಡತೊಡಗಿದ. ಮೂವತ್ತೈದರ ಹತ್ತಿರ ಇರುವುದನ್ನು ಹದಿನೈದರ ಆಸುಪಾಸಿಗೆ ಇಳಿಸುತ್ತಾರೆ. ಗಾಳಿ ಕಡಿಮೆಯಾದಷ್ಟೂ ಟಯರು ಅಗಲವಾಗಿ ಹರಡುತ್ತದೆ, ಮರಳಿನಲ್ಲಿ ಹೂತುಹೋಗುವುದಿಲ್ಲ ಎಂದು ನಾನು ಹಿಂದಿನ ಸೀಟಿಗೆ ತಿರುಗಿ ಉಪನ್ಯಾಸ ಕೊಟ್ಟೆ. ನನ್ನ ಆ ದಿನದ ಕೊನೆಯ ಸಮಾಧಾನದ ವಾಕ್ಯ ಅದು. ಆಮೇಲೆ ಕಾರು ದಿಣ್ಣೆಯ ನೆತ್ತಿಗೆ ಏರಿ, ಆಕಾಶ ಮಾತ್ರ ಕಾಣಿಸಿ, ಪಕ್ಕಕ್ಕೆ ಜಾರಿ, ಮರಳನ್ನು ಗಾಜಿಗೆ ಎರಚಿತು. ಮುಂದಿನ ಸೀಟಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಟೀಲಿನ ಅಮ್ಮನಿಂದ ಕುಕ್ಕೆಯ ಸುಬ್ರಹ್ಮಣ್ಯನವರೆಗೆ ಎಲ್ಲರಿಗೂ ನಾನು ಏನೇನೋ ಹೇಳಿಕೊಂಡೆ. ಹಿಂದಿನಿಂದ ಅತ್ತೆಯ ಧ್ವನಿ ಕೇಳಿತು: “ಅವರಿಗೆ ಹೇಳು, ಹೆದರುವುದು ಬೇಡ ಅಂತ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ಬಸ್ಸಿಗೆ ಹೋದವರಿಗೆ ಇದೆಲ್ಲ ಎಂತದು?”

ಶಿಬಿರದಲ್ಲಿ ಒಂಟೆ, ಗಿಡುಗ, ಮೆಹಂದಿ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಮೇಲಿರುವವನು ಅದರ ಕುತ್ತಿಗೆಗೆ ನಮಸ್ಕಾರ ಹಾಕುತ್ತಾನೆ. ಇಷ್ಟು ಹೇಳಿದರೆ ಸಾಕು. ಮೆಹಂದಿ ಹಾಕುವಾಕೆ ರಾಜಸ್ಥಾನದವಳು. ಮೆಹಂದಿ ಕೂಡ 2024ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದದ್ದನ್ನು ನಾನು ಅವಳಿಗೆ ಹಿಂದಿಯಲ್ಲಿ ವಿವರಿಸಿದೆ. ಅವಳು ತಲೆಯೆತ್ತದೆ “ಮುಂದಿನವರು ಬನ್ನಿ” ಎಂದಳು.

ನನ್ನ ಪಾಂಡಿತ್ಯ ಬೆಳಗಬೇಕಾದ್ದು ಗಹ್ವಾದ ಹತ್ತಿರ. ಅರಬರ ಗಹ್ವಾ ನಮ್ಮ ಕಾಫಿಯಲ್ಲ: ತಿಳಿಯಾಗಿ ಹುರಿದ ಬೀಜ, ಏಲಕ್ಕಿ, ಕೆಲವೊಮ್ಮೆ ಕೇಸರಿ, ಸಕ್ಕರೆ ಇಲ್ಲ, ಸಿಹಿಗೆ ಖರ್ಜೂರ. ಹಿಡಿಯಿಲ್ಲದ ಫಿಂಜಾನಿನಲ್ಲಿ ಒಂದೆರಡು ಗುಟುಕು ಹಾಕಿ ಕೊಡುತ್ತಾರೆ, ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಮುಗಿದಂತೆಲ್ಲ ಮತ್ತೆ ಹಾಕುತ್ತಲೇ ಇರುತ್ತಾರೆ. ಸಾಕಾದರೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು. ಇದನ್ನೆಲ್ಲ ಮನೆಯವರಿಗೆ ಹೇಳಿಕೊಟ್ಟು, ಬಿಳಿ ಕಂದೂರಾ ತೊಟ್ಟು ದಲ್ಲಾ ಎಂಬ ಕಾಫಿ ಹೂಜಿ ಹಿಡಿದು ನಿಂತ ಹುಡುಗನ ಮುಂದೆ ಫಿಂಜಾನ್ ಕುಡಿದು ಗಂಭೀರವಾಗಿ ಅಲ್ಲಾಡಿಸಿ, “ಶುಕ್ರನ್, ಹಬೀಬಿ” ಎಂದೆ.

“ಇನ್ನೊಂಚೂರು ಹಾಕ್ಲಾ ಅಣ್ಣ?” ಎಂದ ಅವನು.

ಕಾಸರಗೋಡಿನವನು. ಊರು, ಮನೆ, ಯಾವ ಶಾಲೆ ಎಂದೆಲ್ಲ ಅತ್ತೆ ಅವನ ಜೊತೆ ನೇರವಾಗಿಯೇ ಮಾತಾಡಿದರು. ನನಗೆ ಹೊಟ್ಟೆಕಿಚ್ಚಾಯಿತು.

ಕತ್ತಲಾಗುವಾಗ ನಡುವಿನ ಕಟ್ಟೆಯ ಸುತ್ತ ದಿಂಬು ಹಾಕಿ ಕೂರಿಸಿದರು. ಈಗ ಮಾವನ ವಿಚಾರ ಹೇಳಬೇಕು. ಅವರು ಪುತ್ತೂರಿನ ಕಡೆ ಬಹಳ ಕಾಲ ಯಕ್ಷಗಾನ ಬಯಲಾಟ ಸಮಿತಿಯಲ್ಲಿದ್ದವರು. ಹರಕೆ ಆಟ, ಕಾಲಮಿತಿ ಆಟ, ಟಿಕೆಟಿನ ಡೇರೆ ಮೇಳ ಎಲ್ಲ ನೋಡಿ ಹಣ್ಣಾದವರು. ಕಟೀಲು ಮೇಳದ ಆಟ ಆಡಿಸಲು ಹೆಸರು ಬರೆಸಿ ವರ್ಷಗಟ್ಟಲೆ ಕಾದದ್ದನ್ನು ಮಗಳ ಮದುವೆಗೆ ಕಾದದ್ದಕ್ಕಿಂತ ಹೆಮ್ಮೆಯಿಂದ ಹೇಳುತ್ತಾರೆ. ಅವರು ಕಟ್ಟೆಯನ್ನೊಮ್ಮೆ, ಮೇಲಿನ ನಕ್ಷತ್ರಗಳನ್ನೊಮ್ಮೆ ನೋಡಿ, “ಇದು ಬಯಲಾಟವೇ ಅಲ್ವಾ!” ಎಂದು ಚಕ್ಕಳಮಕ್ಕಳ ಹಾಕಿ ಕೂತರು.

“ಯಾರ ಹರಕೆ?”

“ನಮ್ಮದೇ ಮಾವ. ಕ್ರೆಡಿಟ್ ಕಾರ್ಡಿನದು.”

“ಭಾಗವತರು ಕಾಣುದಿಲ್ಲ?”

“ಪೆನ್‌ಡ್ರೈವಿನಲ್ಲಿದ್ದಾರೆ.”

ಮಾವ ಮುಖ ಸಿಂಡರಿಸಿದರು. ಹಿಮ್ಮೇಳವಿಲ್ಲದ ಆಟ ಎಂಬ ಈ ಒಂದು ಆಕ್ಷೇಪವನ್ನು ಅವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ, ನನ್ನ ಪ್ರಕಾರ ಅದು ನ್ಯಾಯವಾದದ್ದೇ.

ಮೊದಲಿಗೆ ಬೆಲ್ಲಿ ಡ್ಯಾನ್ಸ್. ಈಜಿಪ್ಟಿನ ಕಲೆ, ಮಾಡಿದಾಕೆ ರಷ್ಯಾದ ಕಡೆಯವಳು. ಅತ್ತೆ-ಮಾವನ ಪಕ್ಕ ಕೂತು ಇದನ್ನು ಹೇಗೆ ನೋಡುವುದೆಂದು ತಿಳಿಯದೆ ನಾನು ಹುಮ್ಮಸ್‌ ತಟ್ಟೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. ಜನವರಿಯ ಮರುಭೂಮಿಯ ಚಳಿ ಶಾಲಿನೊಳಗೂ ನುಗ್ಗುತ್ತಿತ್ತು. “ಪಾಪ, ಆ ಹುಡುಗಿಗೆ ಚಳಿಯಾಗುದಿಲ್ವಾ? ಯಾರಾದ್ರೂ ಒಂದು ಶಾಲು ಕೊಡಬಾರದಾ?” ಎಂದು ನಿಜವಾಗಿ ಮರುಗಿ, ತಮ್ಮದನ್ನೇ ಕೊಡಲು ಎದ್ದರು. ಹೆಂಡತಿ ಎಳೆದು ಕೂರಿಸಿದಳು.

ಆಮೇಲೆ ಬೆಂಕಿಯ ಆಟ. ಎರಡು ಸರಪಳಿಯ ತುದಿಗೆ ಉರಿಯುವ ಉಂಡೆ ಕಟ್ಟಿ ಚಕ್ರದಂತೆ ಬೀಸುವುದು. ಇದರ ಮೂಲ ನ್ಯೂಜಿಲೆಂಡಿನ ಮಾವೋರಿಗಳ ‘ಪೋಯಿ’ ಎಂದು ನಾನು ಶುರುಮಾಡುವಷ್ಟರಲ್ಲಿ, ಕಲಾವಿದ ಪ್ರೇಕ್ಷಕರ ಹಿಂದಿನಿಂದ ಬಾಯಲ್ಲಿ ಬೆಂಕಿ ಉಗುಳುತ್ತ ಪ್ರವೇಶ ಮಾಡಿದ. ಮಾವ ಎದ್ದೇ ನಿಂತರು. “ಮಹಿಷಾಸುರ ಬಂದ! ದೊಂದಿ ಉಂಟು, ರಾಳ ಉಂಟು, ಕೊಂಬು ಒಂದು ಇಲ್ಲ ನೋಡಿ!” ಎಂದು ಕೂಗಿದ್ದಕ್ಕೆ ಸುತ್ತಲಿನ ಜರ್ಮನ್ ಪ್ರವಾಸಿಗರು ಚಪ್ಪಾಳೆ ಹೊಡೆದರು.

ಕೊನೆಗೆ ತನೂರಾ. ಬಣ್ಣಬಣ್ಣದ ಭಾರಿ ಲಂಗ ತೊಟ್ಟ ಗಂಡಸು ನಿಂತಲ್ಲೇ ತಿರುಗುತ್ತಾನೆ. ಲಂಗ ಕೊಡೆಯಾಗಿ ಬಿಚ್ಚಿಕೊಳ್ಳುತ್ತದೆ, ಒಂದರೊಳಗಿಂದ ಇನ್ನೊಂದು ಲಂಗ ತಲೆಯ ಮೇಲಕ್ಕೆ ಹೋಗುತ್ತದೆ, ಎಲ್‌ಇಡಿ ದೀಪ ಹೊತ್ತಿಕೊಳ್ಳುತ್ತದೆ. ಇದರ ಬೇರು ಟರ್ಕಿಯ ಕೊನ್ಯಾದಲ್ಲಿ, ರೂಮಿಯ ಅನುಯಾಯಿಗಳಾದ ಮೆವ್ಲೆವಿ ಸೂಫಿಗಳಲ್ಲಿ. ಅಲ್ಲಿ ಬಣ್ಣವಿಲ್ಲ: ಬಿಳಿ ಲಂಗ ಹೆಣದ ಬಟ್ಟೆ, ಉದ್ದ ಟೊಪ್ಪಿ ಗೋರಿಕಲ್ಲು, ತಿರುಗುವುದೆಂದರೆ ‘ನಾನು’ ಎಂಬುದನ್ನು ಉದುರಿಸಿಕೊಳ್ಳುವುದು. ಈಜಿಪ್ಟಿಗೆ ಬಂದು ಬಣ್ಣ, ಡೋಲು ಸೇರಿತು. ಕೈರೋದ ವಕಾಲತ್ ಅಲ್-ಘೂರಿ ಎಂಬ ಹಳೆಯ ಛತ್ರದಲ್ಲಿ ಇಂದಿಗೂ ಆಡುತ್ತಾರೆ. ದುಬೈಗೆ ಬಂದು ಬ್ಯಾಟರಿ ಸೇರಿತು. ಮಾವ ಇದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಅವರು ಬೆರಳು ಮಡಚುತ್ತ ಧಿಗಿಣ, ಅಂದರೆ ಯಕ್ಷಗಾನದ ಗಿರಕಿ, ಎಣಿಸುತ್ತಿದ್ದರು. ತೆಂಕುತಿಟ್ಟಿನ ಒಳ್ಳೆಯ ಪುಂಡುವೇಷಧಾರಿ ನೂರು ಧಿಗಿಣ ಹಾಕಿದರೆ ಸಭೆ ಶಿಳ್ಳೆ ಹೊಡೆಯುತ್ತದೆ. ಇಲ್ಲಿ ಲೆಕ್ಕ ನೂರು ದಾಟಿ ಬೆರಳು ಸೋತಿತು. “ಹಾರುದಿಲ್ಲ, ಅದೊಂದು ಕಮ್ಮಿ. ಆದ್ರೆ ದಮ್ಮು ಉಂಟು ಜನಕ್ಕೆ” ಎಂದು ತೀರ್ಪು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಈಜಿಪ್ಟಿನದ್ದು ಆಯ್ತು, ಟರ್ಕಿಯದ್ದು ಆಯ್ತು. ಈ ಊರಿನವರ ಸ್ವಂತದ ಆಟ ಯಾವುದು?” ಎಂದು ಕೇಳಿದರು.

ಇದಕ್ಕಾಗಿಯೇ ನಾನು ಹುಟ್ಟಿದ್ದೆ. “ಅಯ್ಯಾಲಾ! ಗಂಡಸರು ಎರಡು ಸಾಲಾಗಿ ಎದುರುಬದುರು ನಿಂತು, ಈಟಿಯ ಬದಲು ತೆಳ್ಳನೆ ಬಿದಿರಿನ ಕೋಲು ಹಿಡಿದು, ಡೋಲಿನ ತಾಳಕ್ಕೆ ಕಾವ್ಯ ಹಾಡುತ್ತ ತಲೆದೂಗುತ್ತಾರೆ. ಹುಡುಗಿಯರು ಉದ್ದ ಕೂದಲನ್ನು ಆಚೀಚೆ ಬೀಸುತ್ತಾರೆ. ಮದುವೆಯಲ್ಲಿ, ರಾಷ್ಟ್ರೀಯ ದಿನದಲ್ಲಿ ಆಡುತ್ತಾರೆ. ಎಮಿರೇಟ್ಸ್, ಒಮಾನ್ ಎರಡೂ ಸೇರಿ 2014ರಲ್ಲಿ ಯುನೆಸ್ಕೊ…”

“ನೀವು ನೋಡಿದ್ದೀರಾ?” ಎಂದಳು ಹೆಂಡತಿ.

“ನೋಡದೆ? ಟ್ರಂಪ್ ಅಬುಧಾಬಿಗೆ ಬಂದಿದ್ದಾಗ, 2025ರ ಮೇ ತಿಂಗಳಲ್ಲಿ…”

“ಅದು ವಾಟ್ಸಾಪಿನಲ್ಲಿ. ನಾನೇ ಕಳಿಸಿದ್ದು.”

ಚಳಿಗಾಲದಲ್ಲಿ ಅಬುಧಾಬಿಯ ಅಲ್ ವತ್ಬಾದಲ್ಲಿ ನಡೆಯುವ ಶೇಖ್ ಝಾಯೆದ್ ಉತ್ಸವಕ್ಕೆ ಹೋದರೆ ಕಣ್ಣಾರೆ ನೋಡಬಹುದಿತ್ತು ಎಂದು ಅವಳು ಮುಂದುವರಿಸಿದಳು. ಪ್ರತಿ ವರ್ಷ ಹೇಳಿದ್ದಳಂತೆ, ಪ್ರತಿ ವರ್ಷ ನನಗೆ ಆಡಿಟ್ ಇತ್ತಂತೆ. ಉತ್ತರ ಹುಡುಕುತ್ತಿರುವಾಗಲೇ ತನೂರಾದವನು ಕಟ್ಟೆಯಿಂದ ಇಳಿದು ಬಂದು, ಇಷ್ಟು ಜನರ ನಡುವೆ ನನ್ನ ಕೈಯನ್ನೇ ಹಿಡಿದ. ಈ ಜನಕ್ಕೆ ಒಂದು ದೃಷ್ಟಿ ಇರುತ್ತದೆ. ಸಭೆಯಲ್ಲಿ ಯಾರು ತನ್ನನ್ನು ತಾನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾನೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ತನ್ನ ಮೇಲಿನ ಲಂಗವನ್ನು ತೆಗೆದು ನನ್ನ ತಲೆಯ ಮೂಲಕ ಇಳಿಸಿ, ಸೊಂಟಕ್ಕೆ ಬಿಗಿದು, ಎಲ್ಲೋ ಒಂದು ಸ್ವಿಚ್ ಒತ್ತಿದ. ನಾನು ಹಸಿರು, ಕೆಂಪು, ನೇರಳೆಯಾಗಿ ಉರಿಯತೊಡಗಿದೆ. ಅದರ ಭಾರ ಒಂದು ಅಕ್ಕಿಮುಡಿ ಹೊತ್ತಂತಿತ್ತು. ಎಡಕ್ಕೆ ತಿರುಗು ಎಂದು ಸನ್ನೆ ಮಾಡಿದ. ತಿರುಗಿದೆ. ನಾನು ನಿಂತ ಮೇಲೂ ಶಿಬಿರ ತಿರುಗುವುದನ್ನು ನಿಲ್ಲಿಸಲಿಲ್ಲ. ಬಿದ್ದದ್ದು ಜರ್ಮನರ ದಿಂಬುಗಳ ಮೇಲೆ.

ಆಟ ಮುಗಿದ ಮೇಲೆ ಮಾವ ಹಟ ಹಿಡಿದರು: ಕಲಾವಿದನನ್ನು ಚೌಕಿಯಲ್ಲಿ ಕಂಡು ಮಾತಾಡಿಸದೆ ಹೋಗುವ ಕ್ರಮ ಇಲ್ಲ. ಚೌಕಿ ಎಂದರೆ ಜನರೇಟರಿನ ಹಿಂದಿನ ಒಂದು ಸಣ್ಣ ಡೇರೆ. ದುಭಾಷಿಯಾಗಿ ನಾನು ಕೆಮ್ಮಿ, “ಹಬೀಬಿ…” ಎಂದೆ. ಮುಂದಿನ ಶಬ್ದ ಹುಡುಕುವ ಮೊದಲೇ ಅವನು ಮಾವನಿಗೆ “ಆಯಿಯೇ ಅಂಕಲ್, ಬೈಠಿಯೇ” ಎಂದು ಚೊಕ್ಕ ಹಿಂದಿಯಲ್ಲಿ ಕುರ್ಚಿ ತೋರಿಸಿದ. ಪ್ರೇಕ್ಷಕರಿಂದಲೇ ಕಲಿತದ್ದಂತೆ. ಮಾವನಿಗೆ ಹಿಂದಿ ಬಾರದು. ಹೀಗಾಗಿ ಈಜಿಪ್ಟಿನವನ ಹಿಂದಿಯನ್ನು ನಾನು ಕನ್ನಡಕ್ಕೆ, ಮಾವನ ಕನ್ನಡವನ್ನು ಹಿಂದಿಗೆ ಮಾಡುತ್ತ ನಿಂತೆ. ನನ್ನ ಅರಬ್ಬಿ ಯಾರಿಗೂ ಬೇಕಾಗಲಿಲ್ಲ. ತಲೆ ತಿರುಗುವುದಿಲ್ಲವೇ ಎಂದು ಮಾವ ಕೇಳಿದರು. ಚಿಕ್ಕಂದಿನಿಂದ ಅಭ್ಯಾಸ ಎಂದ. ಈಗ ಪಕ್ಕದ ಶಿಬಿರದಲ್ಲಿ ಇನ್ನೊಂದು ಆಟ ಇದೆ, ಗಾಡಿ ಕಾಯುತ್ತಿದೆ ಎಂದ. ಒಂದು ರಾತ್ರಿ ಎರಡು ಕಡೆ ವೇಷ ಮಾಡುವ ಕಷ್ಟ ಮಾವನಿಗೆ ಗೊತ್ತು. ನನ್ನ ಕಿಸೆಗೆ ಕೈ ಹಾಕಿ ನೂರು ದಿರ್ಹಮ್ ತೆಗೆದು ಅವನಿಗೆ ಸಂಭಾವನೆ ಕೊಟ್ಟರು.

ವೀಡಿಯೊ ಮಾಡಿದ್ದು ಮಗಳು. ನಾವು ಮನೆ ತಲುಪುವ ಮೊದಲೇ ಅದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿತ್ತು. ಊರಿನಲ್ಲಿ ಆಗ ನಡುರಾತ್ರಿ. ಆದರೂ ನಿದ್ದೆ ಬಾರದ ದೊಡ್ಡತ್ತೆಯಿಂದ ಹೆಂಡತಿಗೆ ಕರೆ ಬಂತು. ಸ್ಪೀಕರ್ ಹಾಕಿದ್ದರಿಂದ ಲ್ಯಾಂಡ್‌ಕ್ರೂಸರಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡೆವು.

“ಲೈಟು ಹಾಕಿದ ಲಂಗದಲ್ಲಿ ಕುಣಿಯುವುದು ನಿನ್ನ ಗಂಡನಾ? ಲೆಕ್ಕಪತ್ರದ ಕೆಲಸ ಅಂತ ಹೇಳಿ ಮದುವೆ ಮಾಡಿಸಿದ್ದಲ್ವಾ?”

“ಹೌದು ದೊಡ್ಡತ್ತೆ.”

“ಅಷ್ಟು ಓದಿ ಕೊನೆಗೆ ಇದಾ?”

ಹೆಂಡತಿ ನನ್ನ ಕಡೆ ಒಮ್ಮೆ ನೋಡಿದಳು. “ಇದು ಪಾರ್ಟ್‌ಟೈಮ್” ಎಂದಳು. “ಇವತ್ತು ಮಾತ್ರ ನೂರು ದಿರ್ಹಮ್ ನಷ್ಟ.”